ಹತ್ತರ ತನಕ ಎಣಿಸಿ

ಆಗಸ್ಟ್ 4, ಸೋಮವಾರ. ಹಿಂದೂಪುರ

ಈ ಮನೆಯಲ್ಲಿ ನನಗೆ ಜಗಳ ಆಡಲು ಸಿಗುತ್ತಿದ್ದವರು ಅತ್ತೆ ಒಬ್ಬರೇ. ಅವರ ಬಾಯಿ ಬಿದ್ದುಹೋಗಿ ಎರಡು ತಿಂಗಳಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬಿ ನನಗೂ ಲಕ್ವ ಹೊಡೆದೀತು.

ಜೂನ್‌ನಲ್ಲಿ ನಮ್ಮ ಮಂಡಿ ಅಂಗಡಿಯಲ್ಲಿ ಹುಣಸೆಹಣ್ಣಿನ ಮೂಟೆಗಳ ನಡುವೆ ಕೂತು ವ್ಯಾಪಾರ ಮಾಡುತ್ತಿದ್ದಾಗಲೇ ಅವರ ಬಲಗಡೆ ಪೂರ್ತಿ ಸೋತುಹೋಯಿತು. ಕಾಲು ಈಗ ಸುಮಾರಾಗಿದೆ, ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಕೈ ಇನ್ನೂ ಜೋತಾಡುತ್ತದೆ. ಮಾತಿನಲ್ಲಿ ಉಳಿದಿರುವುದು ಒಂದೇ: "ವದ್ದು." ಬೇಡ ಅನ್ನುವುದಕ್ಕೆ ತೆಲುಗು. ಕಾಫಿ ಕೊಡಲಾ ಅಂದರೆ ವದ್ದು. ಬೇಡವಾ ಅಂದರೆ ಅದಕ್ಕೂ ವದ್ದು. ಲೋಟ ಕೈಗೆ ಕೊಟ್ಟರೆ ಗಟಗಟ ಕುಡಿಯುತ್ತಾರೆ. ತೆಲುಗು ರೈತರನ್ನು ತೆಲುಗಿನಲ್ಲಿ, ಕನ್ನಡದವರನ್ನು ಕನ್ನಡದಲ್ಲಿ, ನನ್ನನ್ನು ಎರಡರಲ್ಲೂ ದಬಾಯಿಸುತ್ತಿದ್ದ ಶಿವಲಕ್ಷ್ಮಮ್ಮ ಇವರೇನಾ ಅನ್ನಿಸುತ್ತದೆ.

ಬೆಂಗಳೂರಿನ ಡಾಕ್ಟರು ವಾರಕ್ಕೆರಡು ಸಲ ಸ್ಪೀಚ್ ಥೆರಪಿ ಮಾಡಿಸಿ ಅಂದರು. ಹೇಳುವುದಕ್ಕೇನು? ಹೋಗಿಬರುವುದರೊಳಗೆ ಅತ್ತೆಯ ಜೀವ ಅರ್ಧ ಆಗುತ್ತಿತ್ತು. ಎರಡು ಸಲ ಹೋಗಿ ಬಿಟ್ಟೆವು. ಕೈಗೆ ವ್ಯಾಯಾಮ ಮಾಡಿಸಲು ಬರುವ ಫಿಜಿಯೋ ತಿರುಮಲೇಶ್ ಇವತ್ತು ಹೊಸದೊಂದು ಹೇಳಿದ.

"ಅಕ್ಕಾ, ಫ್ರೀ ಆನ್‌ಲೈನ್ ಕೋರ್ಸ್ ಒಂದೈತೆ. ಲಕ್ವ ಹೊಡ್ದು ಮಾತು ಹೋದೋರ ಮನೆಯೋರಿಗೇ ಅಂತ ಮಾಡವ್ರೆ, ಹೊರದೇಶದ ಯೂನಿವರ್ಸಿಟಿಯೋರು. ಆರು ವಾರ. ನೀವು ಓದಿದೋರು, ಮಾಡ್ರಕ್ಕ."

ಓದಿದವಳಂತೆ! ಬಿ.ಎಸ್ಸಿ. ಮೊದಲ ವರ್ಷದಲ್ಲಿ ಕಾಲೇಜು ಬಿಡಿಸಿ ನನ್ನನ್ನು ಈ ಮನೆಗೆ ತಂದುಕೊಂಡವರು ಇದೇ ಅತ್ತೆ. ಈಗ ಅವರಿಗೋಸ್ಕರ ನಾನು ಮತ್ತೆ ಕಾಲೇಜು ಸೇರಬೇಕು.

ನಮ್ಮ ಯಜಮಾನರಿಗೆ ಹೇಳಿದರೆ ಇವರು ನಕ್ಕರು. "ಪುಕ್ಕಟೆ ಸಿಕ್ರೆ ನನಗೊಂದಿರ್ಲಿ, ನಮ್ಮಪ್ಪಂಗೊಂದಿರ್ಲಿ ಅಂತೀಯ. ಅದ್ಯಾವ್ದೋ ದೇಶದೋರು ನಮ್ಮಮ್ಮಂಗೆ ಏನ್ ಮಾತು ಕಲಿಸ್ತಾರೆ ಬಿಡು."

ಹೇಗೂ ದಸರಾ ತನಕ ತಾನೇ. ಆಮೇಲೆ ಇವರ ಅಕ್ಕ ಚಂದ್ರಕಲಾ ಬಂದು ಅಮ್ಮನನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಿ ಖಾಯಮ್ಮಾಗಿ ಇಟ್ಟುಕೊಳ್ಳುತ್ತಾರೆ. ದೊಡ್ಡ ಮನೆ, ಕೆಲಸಕ್ಕೆ ತಿಪ್ಪಕ್ಕ ಇದ್ದಾಳೆ. ಮಾತು ಆಗಿಹೋಗಿದೆ. ಇದನ್ನು ಯಾರು ಓದುತ್ತಾರೆ, ನಿಜವನ್ನೇ ಬರೆಯುತ್ತೇನೆ: ನಾನು ಆ ದಿನಕ್ಕೆ ಕಾಯುತ್ತಿದ್ದೇನೆ.

ಆಗಸ್ಟ್ 7, ಗುರುವಾರ

ಸೇರಿದೆ. ಪಾಠ ಹೇಳುವವರು ಬಿಳಿ ಕೂದಲಿನ ಒಬ್ಬ ಹೆಂಗಸು. ಯಾವಾಗಲೂ ಸ್ವೆಟರ್. ಉದ್ದನೆಯ ಹೆಸರು ಬಾಯಿಗೆ ಸಿಗಲಿಲ್ಲ, ಟೀಚರಮ್ಮ ಅಂತ ಇಟ್ಟುಕೊಂಡಿದ್ದೇನೆ. ಇಂಗ್ಲಿಷು ಓಡುತ್ತದೆ. ವೇಗ ಕಡಿಮೆ ಮಾಡಿದರೆ ಕುಡಿದವರು ಮಾತಾಡಿದ ಹಾಗೆ ಕೇಳಿಸುತ್ತದೆ. ಕೆಳಗೆ ತೆಲುಗು ಅಕ್ಷರ ಬರುವಂತೆ ಮಾಡಿದೆ. ಅದು ಯಂತ್ರ ಮಾಡಿದ ತೆಲುಗು. ಸ್ಟ್ರೋಕ್ ಅನ್ನುವುದನ್ನು ಏಟು ಅಂತ ಮಾಡಿ, ಅತ್ತೆಗೆ ಯಾರೋ ದೊಣ್ಣೆಯಲ್ಲಿ ಬಾರಿಸಿದ್ದಾರೆ ಅನ್ನುವ ಅರ್ಥ ಬರುತ್ತದೆ. ತೆಗೆದುಹಾಕಿ ಮತ್ತೆ ಇಂಗ್ಲಿಷಿಗೇ ಬಂದೆ. ಒಂದು ಪಾಠವನ್ನು ನಾಲ್ಕು ಸಲ ನೋಡಿದರೆ ತಲೆಗೆ ಹೋಗುತ್ತದೆ.

ಇವತ್ತಿನ ಪಾಠ ಇಷ್ಟು: ಮಾತು ಹೋದವರ ಬುದ್ಧಿ ಹೋಗಿರುವುದಿಲ್ಲ. ಪದ ಒಳಗೇ ಇರುತ್ತದೆ, ಹುಡುಕಿ ತರಲು ಹೊತ್ತು ಬೇಕು. ಪ್ರಶ್ನೆ ಕೇಳಿ, ಸುಮ್ಮನಿರಿ, ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಅವರ ಪರವಾಗಿ ನೀವು ಹೇಳಬೇಡಿ.

ಮಾಡಿ ನೋಡಿದೆ. "ಅತ್ತಮ್ಮ, ಇದೇನು?" ಅಂತ ಲೋಟ ತೋರಿಸಿದೆ. ಮೂರು ಎಣಿಸುವಷ್ಟರಲ್ಲಿ ನನ್ನ ಬಾಯಿಂದಲೇ "ಲೋಟ" ಬಂದುಬಿಟ್ಟಿತು.

ಕಾಯಿಸುವುದರಲ್ಲಿ ಅತ್ತೆಗೆ ಅತ್ತೆಯೇ ಸಾಟಿ. ಮದುವೆಯಾಗಿ ಬಂದ ದಿನ ಒಗಟು ಹಾಕಿ, ಅಂದರೆ ಪ್ರಾಸದ ಪದ ಹಾಡಿ ಅದರೊಳಗೆ ಸೇರಿಸಿ, ಗಂಡನ ಹೆಸರು ಹೇಳುವ ತನಕ ಒಳಗೆ ಬಿಡುವುದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತರು. ನನಗೆ ಒಗಟು ಗಿಗಟು ಏನೂ ಬರುತ್ತಿರಲಿಲ್ಲ. ಹೆಂಗಸರೆಲ್ಲ ನಗುತ್ತಿದ್ದರು. ಕೊನೆಗೆ ಅತ್ತೆ ತಮ್ಮ ಹುಣಸೆಹಣ್ಣಿನ ಒಗಟು ಗಟ್ಟಿಯಾಗಿ ಹಾಡಿ ತೋರಿಸಿ, ನನ್ನ ಕಿವಿಯಲ್ಲಿ ಬೇರೊಂದು ಉಸುರಿದರು. ಗಿಳಿಪಾಠ ಒಪ್ಪಿಸಿ ಒಳಗೆ ಬಂದೆ. ಹೆಸರು ಹೇಳಿದ್ದು ಅದೇ ಮೊದಲು, ಅದೇ ಕೊನೆ. ಹದಿನಾರು ವರ್ಷವಾದರೂ ಆ ಹೊಸ್ತಿಲ ಸಿಟ್ಟು ಇನ್ನೂ ಹೋಗಿಲ್ಲ.

ಕೋರ್ಸಿನಲ್ಲಿ ಎಲ್ಲರೂ ಪರಿಚಯ ಬರೆಯಬೇಕಂತೆ. ಕೀನ್ಯಾ, ಬ್ರೆಜಿಲ್, ಫಿಲಿಪ್ಪೀನ್ಸ್, ಎಲ್ಲೆಲ್ಲಿಂದಲೋ ಸಾವಿರಾರು ಮಂದಿ. ಎಲ್ಲರ ಮನೆಯಲ್ಲೂ ಒಬ್ಬರ ಮಾತು ನಿಂತಿದೆ. ಮಗಳು ಶಿವಗಂಗಾ ಇಂಗ್ಲಿಷ್ ತಿದ್ದಿಕೊಟ್ಟಳು. ಒಂಬತ್ತನೇ ಕ್ಲಾಸಿನವಳ ಹತ್ತಿರ ಬೈಸಿಕೊಂಡು ಬರೆದೆ.

ಆಗಸ್ಟ್ 16, ಶನಿವಾರ

ಕೋರ್ಸಿನವರು ಚಿತ್ರ ಕೊಟ್ಟಿದ್ದಾರೆ, ತೋರಿಸಿ ಹೆಸರು ಹೇಳಿಸಬೇಕು. ಮಂಜಿನ ಗೊಂಬೆ, ಮುಳ್ಳುಚಮಚ, ಬ್ರೆಡ್ ಸುಡುವ ಮೆಷಿನ್ನು. ಅತ್ತೆ ಒಂದೊಂದನ್ನೂ ನೋಡಿ "ವದ್ದು, ವದ್ದು" ಅಂತ ತಳ್ಳಿದರು. ಲಕ್ವ ಹೊಡೆದ ಮೇಲೆ ಮೊದಲ ಸಲ ಆ ಮಾತು ಸರಿಯಾದ ಜಾಗಕ್ಕೆ ಬಿತ್ತು. ನಾನೂ ಗಂಗಾನೂ ನಕ್ಕೂ ನಕ್ಕೂ ಸಾಕಾಯಿತು. ಅತ್ತೆಯೂ ಬಾಯಿ ಓರೆ ಮಾಡಿದರು. ಅದು ನಗುವೇ ಇರಬೇಕು.

ನಮ್ಮದೇ ಚಿತ್ರ ಮಾಡಿಕೊಂಡೆವು. ಗಂಗಾ ಮೊಬೈಲಿನಲ್ಲಿ ತೆಗೆದಳು: ಲೋಟ, ಮುದ್ದೆಕೋಲು, ಹುಣಸೆಹಣ್ಣು, ಅಚ್ಚುಬೆಲ್ಲ, ವಿಭೂತಿ ಗಟ್ಟಿ. ಮನೆಯವರದೂ ಇರಬೇಕಂತೆ. ಅತ್ತೆಯ ಮಗ, ಮಗಳು, ಮೊಮ್ಮಗಳು, ಜೊತೆಗೆ ಗೋಡೆಯ ಮೇಲೆ ಹಾರ ಹಾಕಿರುವ ಮಾವನ ಫೋಟೋ. ಮಾವ ಹೋಗಿ ಆರು ವರ್ಷ.

ಹೀಗೆ ಚಿತ್ರ ಬದಲಾಯಿಸಬಹುದಾ ಅಂತ ಟೀಚರಮ್ಮನನ್ನು ಬರೆದು ಕೇಳಿದ್ದೇನೆ.

ಆಗಸ್ಟ್ 19, ಮಂಗಳವಾರ

ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಕ್ವಿಜ್ ಅರ್ಧಕ್ಕೆ ನಿಂತು ಹತ್ತಕ್ಕೆ ನಾಲ್ಕು ಅಂತ ತೋರಿಸಿತು. ಆ ಸಿಟ್ಟನ್ನು ಅತ್ತೆಯ ಮೇಲೆ ತೀರಿಸಿಕೊಂಡೆ. ಟೀಚರಮ್ಮನ ಉತ್ತರವೂ ಇಲ್ಲ. ಪಾಠ ಎಲ್ಲ ಎಷ್ಟೋ ವರ್ಷದ ಹಿಂದೆ ತೆಗೆದಿಟ್ಟದ್ದು, ಅವರು ರಿಟೈರ್ ಆಗಿದ್ದಾರೆ ಅಂತ ಯಾರೋ ಬರೆದಿದ್ದಾರೆ. ಇಷ್ಟು ದಿನ ನಾನು ಅವರ ಮುಖ ನೋಡಿ ತಲೆ ಆಡಿಸುತ್ತಿದ್ದೆ.

ಬಿಟ್ಟುಬಿಡೋಣ ಅನ್ನಿಸಿದೆ.

ಆಗಸ್ಟ್ 28, ಗುರುವಾರ

ಬಿಟ್ಟಿದ್ದೆ. ಗೌರಿ ಹಬ್ಬ, ಗಣೇಶನ ಹಬ್ಬ, ಕಡುಬು, ನೆಂಟರು. ಮೂರನೇ ವಾರದ ಪಾಠ ಹಾಗೇ ಬಿದ್ದಿತ್ತು.

ಬೆಳಿಗ್ಗೆ ಅತ್ತೆಗೆ ಲಿಂಗಪೂಜೆಗೆ ಅಣಿ ಮಾಡಿಕೊಟ್ಟು ಅಡುಗೆಮನೆಗೆ ಬಂದೆ. ಒಳಗಿನಿಂದ ಸಣ್ಣಗೆ ಕೇಳಿಸಿತು. "ಓಂ ನಮಃ ಶಿವಾಯ." ಮೊದಲು ಗಂಗಾ ಅಂದುಕೊಂಡೆ. ಗಂಗಾ ಸ್ಕೂಲಿಗೆ ಹೋಗಿದ್ದಳು. ಬಗ್ಗಿ ನೋಡಿದರೆ ಅತ್ತೆ! ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ, ಒಂದು ಅಕ್ಷರ ತಪ್ಪದ ಹಾಗೆ. ಓಡಿಹೋಗಿ "ಅತ್ತಮ್ಮ, ಇನ್ನೊಂದ್ಸಲ ಹೇಳ್ರಿ" ಅಂದೆ. ಕಣ್ಣು ಬಿಟ್ಟು "ವದ್ದು" ಅಂದರು.

ಮೊಬೈಲು ತೆಗೆದು ಬಿಟ್ಟಿದ್ದ ಪಾಠ ಹಾಕಿದರೆ ಟೀಚರಮ್ಮ ಅದನ್ನೇ ಹೇಳುತ್ತಿದ್ದಾರೆ! ಬಾಯಿಪಾಠದ ಮಾತು, ಪ್ರಾರ್ಥನೆ, ಹಾಡು, ಎಣಿಕೆ ತಲೆಯಲ್ಲಿ ಬೇರೆ ದಾರಿ ಹಿಡಿದು ಬರುತ್ತವಂತೆ. ಉಳಿದದ್ದು ಹೋದರೂ ಅವು ಉಳಿದಿರಬಹುದಂತೆ. ಸೌದೆ ಒಲೆಯ ಮುಂದೆ ಕೂತ ಹಾಗೆ ಮೈ ಬೆಚ್ಚಗಾಯಿತು. ಉತ್ತರ ಕೊಡದಿದ್ದರೂ ಪರವಾಗಿಲ್ಲ, ಟೀಚರಮ್ಮ ಒಳ್ಳೆಯವರು.

ಸೆಪ್ಟೆಂಬರ್ 3, ಬುಧವಾರ

"ಬೆಲ್ಲ."

ಹತ್ತು ಎಣಿಸಿದೆ. ಎಂಟಕ್ಕೆ ಬಂತು. ಬೆ ಅಂದು, ನಿಂತು, ತುಟಿ ಕೂಡಿಸಿ, ಬೆಲ್ಲ. ನಾನು ಅಚ್ಚುಬೆಲ್ಲವನ್ನೇ ಒಡೆದು ಅವರ ಬಾಯಿಗೆ ಹಾಕಿದೆ. ಶುಗರ್ ಇದೆ ಅನ್ನುವುದೂ ಮರೆತೆ.

ಅಂಕ ಹಾಕುವ ಪದ್ಧತಿ ಇದೆ. ತಾನೇ ಹೇಳಿದರೆ ಎರಡು, ಸುಳಿವು ಕೊಟ್ಟ ಮೇಲೆ ಹೇಳಿದರೆ ಒಂದು, ಹೇಳದಿದ್ದರೆ ಸೊನ್ನೆ. ನಾನು ಬರೆಯುವಾಗ ಅತ್ತೆ ಕತ್ತು ಚಾಚಿ ನೋಡುತ್ತಾರೆ. ತೂಕ ಹಾಕುವಾಗ ಹಾಗೇ ನೋಡುತ್ತಿದ್ದರು, ಮಂಡಿಯ ಚಾಳಿ. ಸೊನ್ನೆ ಹಾಕಿದರೆ ಮೂಗು ಮುರಿಯುತ್ತಾರೆ.

ಲೋಟಕ್ಕೆ ಒಂದು, ಹುಣಸೆಗೆ ಒಂದು, ಗಂಗಾಗೆ ಎರಡು. ಮಗನ ಫೋಟೋಗೆ ಎರಡು, ಪೂರ್ತಿ ಹೆಸರು ಹೇಳಿದರು. ಮಾವನ ಫೋಟೋಗೆ ಮಾತ್ರ ಸೊನ್ನೆ. "ಇವರ ಹೆಸರೇನು ಹೇಳ್ರಿ ಅತ್ತಮ್ಮ" ಅಂದರೆ ಎಡಗೈಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗುತ್ತಾರೆ. ಗಮನ ಬೇರೆ ಕಡೆ ಹರಿಯುವುದೂ ಒಂದು ಲಕ್ಷಣ ಅಂತ ಪಾಠದಲ್ಲಿದೆ. ಬರೆದುಕೊಂಡೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಬೈಸಿಕೊಂಡೆ!

ಅಡುಗೆಮನೆಯಲ್ಲಿ ಅತ್ತೆಗೆ ಕುರ್ಚಿ ಹಾಕಿ ಕೂರಿಸುತ್ತೇನೆ ಈಗ. ಒಬ್ಬರೇ ಕೋಣೆಯಲ್ಲಿ ಕೂತರೆ ಮಾತು ಎಲ್ಲಿಂದ ಬರಬೇಕು? ನಾನು ಮಾಡುವುದನ್ನೆಲ್ಲ ಹೇಳುತ್ತಾ ಮಾಡುತ್ತೇನೆ. ಈರುಳ್ಳಿ ಹೆಚ್ಚುತ್ತೀನಿ, ಒಗ್ಗರಣೆ ಹಾಕುತ್ತೀನಿ. ಇವರು ಬಂದು "ಏನೇ, ಯಾರ್ ಜೊತೆ ಮಾತಾಡ್ತಿದೀಯ?" ಅಂದರು. "ನಿಮ್ಮಮ್ಮನ ಜೊತೆ, ಇನ್ಯಾರಿದ್ದಾರೆ?" ಅಂದೆ. ಇವರೂ ಅವರಿಗೆ ಮಂಡಿಯ ಸುದ್ದಿ ಹೇಳಿದರು. ಗೋರಂಟ್ಲದಿಂದ ಬಂದ ಹುಣಸೆಹಣ್ಣಿನಲ್ಲಿ ಬೀಜವೇ ಜಾಸ್ತಿ ಅಂತ. ಅತ್ತೆ ಹುಬ್ಬು ಗಂಟಿಕ್ಕಿದರು. ಲಕ್ವ ಹೊಡೆದ ಮೇಲೆ ಮಗ ಅವರಿಗೆ ವ್ಯಾಪಾರದ ಮಾತು ಹೇಳಿದ್ದು ಇದೇ ಮೊದಲು.

ಸಾರು ಕುದಿಯುವಾಗ ಒಂದು ಚಮಚ ಅವರ ಕೈಯಲ್ಲಿಟ್ಟೆ. ಕುಡಿದರು, ಮುಖ ಕಿವುಚಿದರು. ನಾನು ಎಣಿಸತೊಡಗಿದೆ. ಏಳಕ್ಕೆ "ಹುಳಿ" ಅಂದರು. ಒಂಬತ್ತಕ್ಕೆ "ಸಾಲ್ದು."

ಹುಳಿ ಸಾಲ್ದು! ಹದಿನಾರು ವರ್ಷದಿಂದ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಈ ಮಾತಿಗೇ ಎಷ್ಟು ಸಲ ಅಮ್ಮನ ಮನೆಗೆ ಫೋನ್ ಮಾಡಿ ಅತ್ತಿದ್ದೇನೆ. ಇವತ್ತೂ ನನಗೆ ಅಳು ಬಂತು, ಆದರೆ ಸೌಟು ಹಿಡಿದುಕೊಂಡು ನಗುತ್ತಾ. ಸಾರಿಗೆ ಇನ್ನಷ್ಟು ಹುಳಿ ಹಿಂಡಿದೆ. ಇವರು ಊಟಕ್ಕೆ ಕೂತು ಹಲ್ಲು ಚುಳ್ಳೆಂದಿತು ಅಂದರು. ಅಂದುಕೊಳ್ಳಲಿ.

ದಸರಾ ಹತ್ತಿರ ಬಂತು. ಚಂದ್ರಕ್ಕನಿಗೆ ಫೋನ್ ಮಾಡಿ, ದೀಪಾವಳಿ ತನಕ ಇಲ್ಲೇ ಇರಲಿ ಅನ್ನಬೇಕು. ಕೋರ್ಸಿಗೋಸ್ಕರ ಅಷ್ಟೇ.

ಸೆಪ್ಟೆಂಬರ್ 14, ಭಾನುವಾರ

ಕೆಟ್ಟ ದಿನ.

ಚಂದ್ರಕ್ಕ, ಅವರ ಯಜಮಾನರು ರೇವಣಪ್ಪನವರು ಕಲ್ಯಾಣದುರ್ಗದಿಂದ ಬಂದಿದ್ದರು. ಅತ್ತೆಯನ್ನು ಇಲ್ಲೇ ಬಿಡಿ ಅಂತ ಕೇಳಬೇಕಿತ್ತಲ್ಲ, ಬರೀ ಬಾಯಲ್ಲಿ ಕೇಳುವುದಕ್ಕಿಂತ ತೋರಿಸೋಣ ಅನ್ನಿಸಿತು. ನನ್ನ ಬುದ್ಧಿಗಿಷ್ಟು. ಎಲ್ಲರನ್ನೂ ಕೂರಿಸಿ ಚಿತ್ರ ಹಿಡಿದೆ. ಅತ್ತೆ ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ನೆಟ್ಟಗೆ ಕೂತರು. ಲೋಟ. ಬೆಲ್ಲ. ಹುಣ್ಸೆ. ಗಂಗಾ. "ಚಂದ್ರಾ" ಅಂದಾಗ ಚಂದ್ರಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ಅತ್ತರು. ನಾನು ಗೆದ್ದೆ ಅಂದುಕೊಂಡೆ.

ಆಗ ಚಂದ್ರಕ್ಕನೇ ಮಾವನ ಚಿತ್ರ ತೆಗೆದು ಹಿಡಿದರು. "ಅಮ್ಮಾ, ಇವರ್ಯಾರು? ಹೆಸರು ಹೇಳಮ್ಮ."

ಅತ್ತೆ ಸೆರಗು ಎಳೆದುಕೊಂಡರು. ಗೋಡೆ ಕಡೆ ತಿರುಗಿದರು.

"ಅಮ್ಮಾ, ನಮ್ಮಪ್ಪ ಕಣಮ್ಮ! ಹೇಳು, ಅಪ್ಪನ ಹೆಸರೇನು?"

"ವದ್ದು."

"ಅಪ್ಪನ್ನೇ ಮರ್ತುಬುಟ್ಲು" ಅಂತ ಚಂದ್ರಕ್ಕ ಬಿಕ್ಕಿದರು. ರೇವಣಪ್ಪನವರು ಮೆಲ್ಲಗೆ, "ಬುದ್ಧಿ ಹೋಗೈತೆ ಕಣಮ್ಮ. ಇದೆಲ್ಲ ಗಿಣಿಗೆ ಕಲಿಸ್ದಂಗೆ. ಸುಮ್ನೆ ಆ ಜೀವಕ್ಕೆ ಯಾಕೆ ಕಾಟ?" ಅಂದರು. ಇವರೂ ತಲೆ ತಗ್ಗಿಸಿ ಕೂತರು.

ಎರಡು ವಾರದಿಂದ ಆ ಫೋಟೋದ ಮುಂದೆ ನಾನೇ ಸೊನ್ನೆ ಬರೆಯುತ್ತಾ ಬಂದಿದ್ದೇನೆ. ಜೊತೆಯಲ್ಲಿ ಬಾಳಿ ಮುದುಕರಾದವರ ಹೆಸರೇ ಒಳಗಿಲ್ಲ ಅಂದಮೇಲೆ ಬೆಲ್ಲ, ಲೋಟ ಹೇಳಿ ಏನು ಬಂತು? ಅಮಾವಾಸ್ಯೆ ಕಳೆದ ಮಾರನೆಯ ದಿನ ಬಂದು ಕರೆದುಕೊಂಡು ಹೋಗುವುದು ಅಂತ ಆಯಿತು. ದೀಪಾವಳಿಯ ಮಾತು ನಾನು ಎತ್ತಲೇ ಇಲ್ಲ.

ಅವರು ಹೊರಟ ಮೇಲೆ ಅತ್ತೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಏನೋ ಹೇಳಲು ಬಾಯಿ ತೆರೆದರು. ನಾನು ಎಣಿಸಲಿಲ್ಲ, ಎದ್ದು ಹೋದೆ.

ಸೆಪ್ಟೆಂಬರ್ 17, ಬುಧವಾರ

ಕೊನೆಯ ವರದಿ ಕಳಿಸಿದೆ. ಅವರ ಗಡಿಯಾರದ ಪ್ರಕಾರ ಕೊನೇ ದಿನ, ನಮಗೆ ಬೆಳಗಾಗಿಬಿಟ್ಟಿತ್ತು. ಚಿತ್ರ ಬದಲಾಯಿಸಿದ್ದು, ಪೂಜೆಯ ಮಂತ್ರ, ಹುಳಿ ಸಾಲ್ದು, ಎಲ್ಲ ಬರೆದೆ. ಮಾವನ ಫೋಟೋ ವಿಷಯವನ್ನೂ ಮುಚ್ಚಿಡದೆ ಬರೆದೆ: ಗಂಡನ ಹೆಸರು ಮರೆತಿದ್ದಾರೆ, ಕೇಳಿದರೆ ಮುಖ ಮುಚ್ಚಿಕೊಂಡು ತಿರುಗುತ್ತಾರೆ.

ಈ ಕೋರ್ಸಿನಲ್ಲಿ ಟೀಚರು ತಿದ್ದುವುದಿಲ್ಲ. ಜೊತೆಗೆ ಕಲಿಯುವ ಮೂವರು ನಮ್ಮದನ್ನು ತಿದ್ದುತ್ತಾರೆ, ನಾವು ಬೇರೆ ಮೂವರದನ್ನು ತಿದ್ದಬೇಕು. ನನಗೆ ಬಂದದ್ದರಲ್ಲಿ ಒಂದು ಬ್ರೆಜಿಲ್ಲಿನ ಬಸ್ ಡ್ರೈವರನದು. ಹೆಂಡತಿಗೆ ಲಕ್ವ. ಅವನ ಇಂಗ್ಲಿಷು ನನಗಿಂತ ಕೆಟ್ಟದು. ಹೆಂಡತಿ ಮೊದಲು ವಾಪಸು ಪಡೆದ ಮಾತು ಒಂದು ಬೈಗುಳ, ಅದನ್ನು ಕೇಳಿ ಅವನು ಬೀದಿಯವರಿಗೆಲ್ಲ ಕಾಫಿ ಕೊಡಿಸಿದನಂತೆ. ಸಣ್ಣ ಸಣ್ಣ ತಪ್ಪಿಗೆ ಅಂಕ ಕಳೆಯಬೇಕು ಅಂತ ನಿಯಮ ಇದೆ. ನಾನು ಪೂರ್ತಿ ಕೊಟ್ಟೆ.

ಮೊದಲ ವಾರ ಪರಿಚಯ ಬರೆದ ಸಾವಿರಾರು ಮಂದಿಯಲ್ಲಿ ಈಗ ಕಾಣುವವರು ಬೆರಳೆಣಿಕೆ. ಉಳಿದವರ ಮನೆಯಲ್ಲಿ ಏನಾಯಿತೋ.

ಸೆಪ್ಟೆಂಬರ್ 22, ಸೋಮವಾರ

ಕಾರು ಬಂತು. ಅತ್ತೆಯ ಸೀರೆ, ಮಾತ್ರೆ, ವಿಭೂತಿ, ಪೂಜೆಯ ವಸ್ತ್ರ ಎಲ್ಲ ಕಟ್ಟಿಕೊಟ್ಟೆ. "ನಮ್ಮನೆಗೆ ಹೋಗೋಣೇನಮ್ಮ?" ಅಂತ ಚಂದ್ರಕ್ಕ ಮುದ್ದಾಗಿ ಕೇಳಿದರು. "ವದ್ದು" ಅಂದರು ಅತ್ತೆ. "ಹಂಗಾರೆ ಇಲ್ಲೇ ಇರ್ತೀಯಾ?" ಅಂತ ರೇವಣಪ್ಪನವರು ಕೇಳಿದರು. ಅದಕ್ಕೂ ಅದೇ. "ನೋಡಿದ್ರಾ, ಎಲ್ಲದಕ್ಕೂ ವದ್ದೇ" ಅಂತ ಅವರು ನಕ್ಕರು. ಅತ್ತೆ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡಿದ್ದರು. ಬೆರಳು ಒಂದೊಂದಾಗಿ ಬಿಡಿಸಿದ್ದು ನಾನೇ.

ಕಾಯುತ್ತಿದ್ದ ದಿನ ಬಂತು. ಬಂದದ್ದಾಯಿತು.

ಸೆಪ್ಟೆಂಬರ್ 23, ಮಂಗಳವಾರ

ಸಾರಿಗೆ ಹುಳಿ ಸಾಲದು. ಯಾರೂ ಏನೂ ಅನ್ನಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ವರದಿಗೆ ಅಂಕ ಬಂತು. ಒಬ್ಬರು ಪೂರ್ತಿ ಕೊಟ್ಟು ಚೆನ್ನಾಗಿದೆ ಅಂತ ಒಂದೇ ಮಾತು ಬರೆದಿದ್ದಾರೆ. ಓದಿಯೇ ಇಲ್ಲ ಅನ್ನಿಸುತ್ತದೆ. ಇನ್ನೊಬ್ಬರು ಯಾವ್ಯಾವ ಪುಸ್ತಕ ಓದಿದಿರಿ ಅಂತ ಕೊನೆಯಲ್ಲಿ ಹಾಕಿಲ್ಲ ಅಂತ ಅಂಕ ಕಳೆದಿದ್ದಾರೆ. ಮೂರನೆಯವರು ಉದ್ದಕ್ಕೆ ಬರೆದಿದ್ದಾರೆ. ದಕ್ಷಿಣ ಆಫ್ರಿಕದ ಹಳ್ಳಿಯೊಂದರ ನರ್ಸ್, ನೊಮ್ಸಾ ಅಂತ ಹೆಸರು. ಗಂಗಾ ಓದಿ ಹೇಳಿದಳು, ಆಮೇಲೆ ನಾನೇ ಓದಿಕೊಂಡೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಅಕ್ಕಾ, ನಿಮ್ಮ ಕೆಲಸ ನನಗೆ ಇಷ್ಟವಾಯಿತು. ಒಂದು ಮಾತು ಕೇಳಲಾ? ನಮ್ಮ ಕಡೆ ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ. ನನ್ನ ಪ್ರಾಣ ಹೋದರೂ ನಾನು ಹೇಳಲಾರೆ. ನಿಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ಇದೆಯಾ? ಮುಖ ಮುಚ್ಚಿಕೊಂಡರು ಅಂತ ಬರೆದಿದ್ದೀರಲ್ಲ, ಅದಕ್ಕೆ ಕೇಳಿದೆ."

ಓದಿ ಮುಗಿಸಿ, ಅಂಕ ಬರೆದ ಹಾಳೆ ತೆಗೆದು ಮಾವನ ಸಾಲಿನ ಸೊನ್ನೆಗಳನ್ನು ನೋಡಿದೆ.

ನಾಚಿಕೆ! ಅತ್ತೆ ನಾಚಿಕೊಳ್ಳುತ್ತಿದ್ದರು. ಮಾವನ ಹೆಸರನ್ನು ಅವರ ಬಾಯಲ್ಲಿ ಒಗಟಿಲ್ಲದೆ ಯಾರು ಯಾವತ್ತು ಕೇಳಿದ್ದಾರೆ? ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗಲೂ "ನೀನೇ ಹೇಳು" ಅಂತ ಮಗನನ್ನು ಮುಂದೆ ತಳ್ಳುತ್ತಿದ್ದರು. ಹೊಸ್ತಿಲಲ್ಲಿ ನನ್ನನ್ನು ತಡೆದ ಅತ್ತೆ ಅವರು. ಇದು ನನಗೆ ಗೊತ್ತಿಲ್ಲದ ವಿಷಯವಾ? ಕೋರ್ಸು ಹೆಸರು ಕೇಳು ಅಂದಿತು, ಕೇಳಿದೆ. ಸೊನ್ನೆ ಹಾಕು ಅಂದಿತು, ಹಾಕಿದೆ. ಮರ್ಯಾದಸ್ಥ ಹೆಂಗಸನ್ನು ಬುದ್ಧಿ ಹೋದವಳು ಮಾಡಿ ಕಾರು ಹತ್ತಿಸಿದೆ. ಸಮುದ್ರದ ಆಚೆಯ ಹೆಂಗಸಿಗೆ ಕಂಡದ್ದು ಅಂಗಳದಲ್ಲಿದ್ದ ನನಗೆ ಕಾಣಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ.

ಇವರು ಬಂದ ತಕ್ಷಣ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೋಗು. ನಾನು ಮಂಡಿ ಮುಗಿಸ್ಕೊಂಡು ಹಿಂದೆ ಬತ್ತೀನಿ" ಅಂದರು.

ಸೆಪ್ಟೆಂಬರ್ 27, ಶನಿವಾರ. ಕಲ್ಯಾಣದುರ್ಗ

ಗಂಗಾಗೆ ದಸರಾ ರಜೆ, ಅವಳೂ ಬಂದಳು. ಮಡಕಶಿರ ದಾಟಿ ಪಾವಗಡದಲ್ಲಿ ಬಸ್ಸು ಬದಲಾಯಿಸಿದೆವು. ಬಸ್ಸಿನಲ್ಲಿ ಅತ್ತೆಯ ಹುಣಸೆಹಣ್ಣಿನ ಒಗಟನ್ನು ನೆನಪು ಮಾಡಿಕೊಳ್ಳುತ್ತಾ ಬಂದೆ. ಮೊದಲ ಸಾಲು ಬಿಟ್ಟರೆ ಏನೂ ನೆನಪಾಗಲಿಲ್ಲ.

ಚಂದ್ರಕ್ಕನ ಮನೆಯಲ್ಲಿ ಅತ್ತೆಗೆ ಒಳಕೋಣೆ, ಮೆತ್ತನೆಯ ಹಾಸಿಗೆ, ಎದುರಿಗೆ ಟಿ.ವಿ. ಚಂದ್ರಕ್ಕ ಪಕ್ಕದಲ್ಲಿ ಕೂತು ರಾಗಿ ಗಂಜಿ ಕುಡಿಸುತ್ತಿದ್ದರು. ಅತ್ತೆ ಬಾಯಿ ತೆರೆಯುವ ಮೊದಲೇ ಚಮಚ ಬರುತ್ತಿತ್ತು. ಎಲ್ಲವನ್ನೂ ಕೇಳುವ ಮುಂಚೆಯೇ ಮಾಡಿಬಿಡುತ್ತಾರೆ ಪಾಪ, ಪ್ರೀತಿಗೆ.

"ಬಂದಾಗಿಂದ ವದ್ದು ಅನ್ನೋದೂ ನಿಲ್ಲಿಸ್ಬುಟ್ಟವ್ಳೆ ಕಣೇ ತ್ರಿವೇಣಿ" ಅಂದರು. ಅವರ ಕಣ್ಣು ಬಾತಿದ್ದವು.

ನನ್ನನ್ನು ನೋಡಿ ಅತ್ತೆ ಮುಖ ತಿರುಗಿಸಿದರು. ಸಿಟ್ಟು ಬಂದಿದೆ, ಬರಲೇಬೇಕು. ಟಿ.ವಿ. ಆರಿಸಿ ಹತ್ತಿರ ಕೂತೆ. "ಚಿತ್ರ ತಂದಿಲ್ಲ ಅತ್ತಮ್ಮ. ಯಾರನ್ನೂ ಹೆಸರು ಕೇಳೋಕೆ ಬಂದಿಲ್ಲ. ನನ್ನ ಒಳಗೆ ಬಿಡ್ಬೇಕು ಅಂದ್ರೆ ಒಗಟು ಹಾಕು ಅಂದಿದ್ರಲ್ಲ, ಅವತ್ತು ನೀವು ಹೇಳಿದ್ದು ಮರ್ತೋಗೈತೆ. ಹುಣಸೆಹಣ್ಣು ಮಂಡಿಗೆ..."

ನಿಲ್ಲಿಸಿದೆ. ಎಣಿಸಿದೆ. ನಾಲ್ಕು. ಐದು. ಚಂದ್ರಕ್ಕ ಬಾಯಿ ಹಾಕಲು ಬಂದರು, ಕೈ ಹಿಡಿದು ತಡೆದೆ. ಎಂಟು. ಅತ್ತೆಯ ತುಟಿ ಅಲುಗಿತು.

"ಅಚ್... ಅಚ್ಚುಬೆಲ್ಲ ಬಂಡಿಗೆ."

ಆಮೇಲೆ ನಿಲ್ಲಲೇ ಇಲ್ಲ. ಬಾಯಿ ಒಂದು ಕಡೆ ಎಳೆಯುತ್ತಿತ್ತು, ರಾಗ ಮಾತ್ರ ಹಳೆಯದೇ:

ಹುಳಿಯೂ ಸಿಹಿಯೂ ಕೂಡಿ ಬಂತು ನಮ್ಮನೆ ಗಡಿಗೆಗೆ,
ಹತ್ತು ಮಂದಿ ಕೇಳ್ತಾರಂತ ಹೇಳ್ತೀನಿ ಮೆಲ್ಲಗೆ,
ಉಜ್ಜಿನಪ್ಪೋರು ಮುಡಿಸಿದ್ರು ಹೂವ ನನ್ನ ಜಡೆಗೆ.

ಹೇಳಿ ಮುಗಿಸಿ, ಎಡಗೈಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಕಿವಿ ಕೆಂಪಗಾಗಿತ್ತು.

ಚಂದ್ರಕ್ಕ ಗಂಜಿಯ ಬಟ್ಟಲು ಹಿಡಿದು ಹಾಗೇ ಕೂತಿದ್ದರು. "ಅಪ್ಪನ್ನ ಮರ್ತಿಲ್ಲ ನಮ್ಮಮ್ಮ" ಅಂದರು. ಅದನ್ನೇ ಮತ್ತೆ ಮತ್ತೆ ಅಂದರು. ತಾಯಿಯ ಕಾಲು ಹಿಡಿದುಕೊಂಡು ಅತ್ತರು. ಬಾಗಿಲಲ್ಲಿ ನಿಂತಿದ್ದ ರೇವಣಪ್ಪನವರು ಕಣ್ಣೊರೆಸಿಕೊಂಡು ಹೊರಗೆ ಹೋದರು. ನಾನು ನೊಮ್ಸಾಳ ಮಾತು ಹೇಳಿದೆ. ಎಲ್ಲವನ್ನೂ ಹೇಳಿದೆ, ಸೊನ್ನೆಗಳನ್ನೂ.

ಸುಧಾರಿಸಿಕೊಂಡ ಮೇಲೆ ಚಂದ್ರಕ್ಕನೇ ಕೇಳಿದರು. "ಎಲ್ಲಿರ್ತೀಯಮ್ಮ? ನೀನೇ ಹೇಳು." ಈ ಸಲ ಯಾರೂ ನಗಲಿಲ್ಲ, ಯಾರೂ ಬಾಯಿ ಹಾಕಲಿಲ್ಲ. ಚಂದ್ರಕ್ಕನ ತುಟಿ ಎಣಿಸುತ್ತಿರುವುದು ಕಾಣಿಸಿತು.

"ಮಂಡಿ" ಅಂದರು ಅತ್ತೆ. ಉಸಿರು ತೆಗೆದುಕೊಂಡು, "ಮಂಡಿಗೆ" ಅಂದರು.

ಮನೆಗೂ ಅಲ್ಲ, ಮಗನ ಹತ್ತಿರಕ್ಕೂ ಅಲ್ಲ, ಮಂಡಿಗೆ! ಚಂದ್ರಕ್ಕ ಅಳುತ್ತಲೇ ನಕ್ಕರು. ಸಾಯಂಕಾಲ ಇವರು ಬಂದ ಮೇಲೆ ವಿಷಯ ಹೇಳಿದರೆ, "ಗೋರಂಟ್ಲದ ಹುಣಸೆಹಣ್ಣು ಅವಳೇ ಬಂದು ನೋಡ್ಲಿ" ಅಂದರು. ನಾಳೆ ಎಲ್ಲರೂ ಒಟ್ಟಿಗೆ ಹೊರಡುತ್ತೇವೆ.

ಊಟ ಆದ ಮೇಲೆ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಗಂಗಾನೂ ಇದ್ದಳು. ಅತ್ತೆ ಎಡಗೈಯ ಬೆರಳಿನಿಂದ ನನ್ನ ತಾಳಿ ಮುಟ್ಟಿದರು.

"ನಿಂದು?"

ಏನು ಕೇಳುತ್ತಿದ್ದಾರೆ ಅಂತ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬಾಯಿ ತೆರೆದೆ. ಇವರು ಆಚೆ ಪಡಸಾಲೆಯಲ್ಲೇ ಕೂತಿದ್ದರು. ಅವತ್ತು ಕಿವಿಯಲ್ಲಿ ಉಸುರಿದ ಒಗಟೂ ನೆನಪಾಗಲಿಲ್ಲ, ಹೆಸರೂ ನಾಲಿಗೆಗೆ ಬರಲಿಲ್ಲ. "ಅಮ್ಮಾ, ಹೇಳಮ್ಮ!" ಅಂತ ಗಂಗಾ ತಿವಿದಳು. ಮುಖ ಬಿಸಿಯಾಯಿತು. ಗೊತ್ತಿಲ್ಲದೆ ಸೆರಗು ಎಳೆದುಕೊಂಡಿದ್ದೆ.

ಅತ್ತೆ ಅವಸರ ಮಾಡಲಿಲ್ಲ. ಎಡಗೈ ಬೆರಳನ್ನು ಒಂದೊಂದೇ ಮಡಚಿದರು. ಐದು. ಬಿಚ್ಚಿ, ಮತ್ತೆ ಒಂದೊಂದೇ ಮಡಚಿದರು. ಪೂರ್ತಿ ಹತ್ತು. ಆಮೇಲೆ ನನ್ನ ಅಂಗೈಯನ್ನು ಎಳೆದುಕೊಂಡು, ಅದರಲ್ಲಿ ತೋರುಬೆರಳಿನಿಂದ ದುಂಡಗೆ ಒಂದು ಸೊನ್ನೆ ಬರೆದರು.